ಉಪ್ಪುನೀರಿನ ದೊಣೆ

ಮಾರಿಷಸ್
ಸೋಮವಾರ, 15-5-2006

ಅಕ್ಕರೆಯ ಕೋಮಲಾಗೆ,

ಮೊದಲ ಪದ ಬರೆದು, ಅದನ್ನು ಹೊಡೆದುಹಾಕಲೋ ಬೇಡವೋ ಎಂದು ಸ್ವಲ್ಪ ಹೊತ್ತು ಕೂತಿದ್ದೆ. ಹೊಡೆಯಲಿಲ್ಲ. ಮದುವೆಗೆ ಮುಂಚೆ ಮತ್ತಿಗಿರಿಯ ರೂಮಿನಿಂದ ನಾನು ನಿನಗೆ ಬರೆದ ಮೊದಲ ಕಾಗದವೂ ಹೀಗೆಯೇ ಶುರುವಾಗಿತ್ತು. ಸಿಕ್ಕಾಗ ನೀನು ನಕ್ಕಿದ್ದೆ. ‘ನಮ್ ತಮಿಳ್ ಸ್ಕೂಲ್ನಾಗೆ ಅಕ್ಕರೆ ಅಂದ್ರೆ ಆಚೆ ದಡ ಕಣ್ರೀ. ಆಚೆ ದಡದ ಕೋಮಲಾಗೆ ಅಂತ ಬರ್ದಿದೀರ’ ಅಂದಿದ್ದೆ. ಮಾಗಡಿ ಕಡೆಯಿಂದ ಗಡಿ ದಾಟಿ ಕೆಲಸಕ್ಕೆ ಬಂದವನಿಗೆ ತಮಿಳಿನ ಒಂದಕ್ಷರವೂ ಬಾರದೆಂದು ನಿನಗೆ ಗೊತ್ತಾದದ್ದು ಆಗಲೇ ಇರಬೇಕು. ಈಗ ಆ ಪದ ಎರಡೂ ಭಾಷೆಯಲ್ಲಿ ಸರಿಯಾಗಿಯೇ ಇದೆ ಎಂದು ಹಾಗೇ ಬಿಟ್ಟಿದ್ದೇನೆ.

ಫ್ಯಾಕ್ಟರಿಯವರು ನನ್ನನ್ನು ಈ ದ್ವೀಪಕ್ಕೆ ಕಳಿಸಿದ್ದಾರೆ. ಇಲ್ಲಿನ ಸಕ್ಕರೆ ಗಿರಣಿಯೊಂದಕ್ಕೆ ನಮ್ಮ ಗೇರ್‌ಬಾಕ್ಸ್ ಕೂರಿಸಬೇಕು. ಜೂನ್‌ನಲ್ಲಿ ಕಬ್ಬು ಅರೆಯಲು ಶುರು ಮಾಡುತ್ತಾರೆ, ಅಷ್ಟರೊಳಗೆ ಮುಗಿಯಬೇಕು. ಬಂದು ಐದು ವಾರವಾಯಿತು. ನಿನಗೆ ತಿಳಿಸಿ ಬರಲಿಲ್ಲ. ತಿಳಿಸುವ ರೂಢಿ ತಪ್ಪಿ ಹದಿಮೂರು ವರ್ಷವಾಗಿದೆ. ಡೆಂಕಣಿಕೋಟೆಯ ನಿನ್ನ ವಿಳಾಸ ಕೊಟ್ಟವನು ನಿನ್ನ ತಮ್ಮ ಗೋಪಾಲಪ್ಪ, ಹೋದ ವರ್ಷ ಕೆಲಮಂಗಲದ ಸಂತೆಯಲ್ಲಿ ಸಿಕ್ಕಿದ್ದ. ಎರಡು ಕೈಯಲ್ಲೂ ಎಲೆಕೋಸು ಹಿಡಿದುಕೊಂಡೇ, ‘ಕಾಗ್ದ ಗೀಗ್ದ ಬರ್ಯೋದಾದ್ರೆ ಬರೀರಿ ಬಾವ, ಮನೆತಾವ್ಕೆ ಮಾತ್ರ ಬರ್ಬೇಡಿ’ ಅಂದ. ನಾನು ಬರೆಯುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಧೈರ್ಯವಾಗಿ ಕೊಟ್ಟ.

ಈ ಕಾಗದ ನಿನ್ನ ಒಂದು ಪ್ರಶ್ನೆಗೆ ಉತ್ತರ. 1991ರ ಸಂಕ್ರಾಂತಿಯ ಮೂರನೆಯ ದಿನ ನಮ್ಮ ಪುಟ್ಟಿ, ಸಹನಾ, ಬೆಟ್ಟದ ಮೇಲಿನ ದೊಣೆಯಲ್ಲಿ ಮುಳುಗಿಹೋದಳು. ನೀನು ಅತ್ತ ಮೇಲೆ, ಅವಳನ್ನು ಒಪ್ಪಮಾಡಿ ಬಂದ ಮೇಲೆ, ಒಂದೇ ಒಂದು ಮಾತು ಕೇಳಿದೆ: ಅಲ್ಲಿ ಬೋರ್ಡ್ ಇತ್ತಾ? ನಾನು ಇರಲಿಲ್ಲ ಅಂದೆ. ಆ ಉತ್ತರವನ್ನು ತಿದ್ದಬೇಕಾಗಿದೆ.

ಆದರೆ ಅದಕ್ಕೆ ಮೊದಲು ನಿನ್ನೆ ಆದದ್ದನ್ನು ಹೇಳಬೇಕು. ಇಲ್ಲದಿದ್ದರೆ ಹದಿನೈದು ವರ್ಷ ಬಾಯಿ ಬಿಡದವನು ಈಗ ಯಾಕೆ ಎಂದು ನಿನಗೆ ಅನ್ನಿಸುತ್ತದೆ. ನನಗೂ ಅನ್ನಿಸುತ್ತಿದೆ.

ಗಿರಣಿಯ ಡ್ರೈವರ್‌ನ ಹೆಸರು ಚಿನಾಪೆನ್. ನಮ್ಮ ಚಿನ್ನಪ್ಪನೇ. ನೂರೈವತ್ತು ವರ್ಷದ ಹಿಂದೆ ಹಡಗಿನಿಂದ ಇಳಿದವನ ಹೆಸರನ್ನು ಯಾರೋ ಗುಮಾಸ್ತ ತನಗೆ ಕೇಳಿಸಿದ ಹಾಗೆ ಬರೆದುಕೊಂಡಿರಬೇಕು, ಅದೇ ಮನೆತನದ ಹೆಸರಾಗಿದೆ. ಸೇಲಂ ಕಡೆಯವರಂತೆ. ಇವನಿಗೆ ತಮಿಳು ಬಾರದು. ವಣಕ್ಕಂ ಅನ್ನುತ್ತಾನೆ, ಮುರುಗಾ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಆಡುವುದು ಇಲ್ಲಿಯ ಕ್ರಿಯೋಲ್, ಫ್ರೆಂಚನ್ನು ಮುರಿದು ತಮಗೆ ಬೇಕಾದಂತೆ ಜೋಡಿಸಿಕೊಂಡ ಭಾಷೆ. ನನ್ನನ್ನು ‘ಮಿಸ್ಯೆ ಅನ್ಮಾಯಾ’ ಎಂದು ಕರೆಯುತ್ತಾನೆ. ಮಿಸ್ಯೆ ಅಂದರೆ ಯಜಮಾನರು; ಹನುಮಯ್ಯನ ಹಕಾರ ಅವರ ಬಾಯಲ್ಲಿ ನಿಲ್ಲುವುದಿಲ್ಲ. ನಾನು ತಿದ್ದಲು ಹೋಗಲಿಲ್ಲ. ತಿದ್ದುವುದನ್ನು ಬಿಟ್ಟು ಬಹಳ ಕಾಲವಾಗಿದೆ.

ಇಲ್ಲಿನ ನೋಟಿನ ಮೇಲೆ ತಮಿಳಿನಲ್ಲೂ ಬರೆದಿರುತ್ತದೆ. ಮೊದಲ ವಾರ ಚಿನಾಪೆನ್ ಒಂದು ನೋಟು ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟ, ಓದು ಎಂದು. ನಾನು ಓದಿದೆ. ಅವನು ಕ್ಯಾಂಟೀನಿನ ಇಬ್ಬರನ್ನು ಕೂಗಿ ಕರೆದು ಇನ್ನೊಮ್ಮೆ ಓದಿಸಿದ. ಹುಟ್ಟಿದಂದಿನಿಂದ ಜೇಬಿನಲ್ಲಿಟ್ಟುಕೊಂಡ ಮಾತು ಬಾಯಿಂದ ಹೇಗೆ ಬರುತ್ತದೆ ಎಂದು ಅವನು ಕೇಳಿದ್ದು ಅದೇ ಮೊದಲು. ನನಗೆ ತಮಿಳು ಓದಲು ಬರುತ್ತದೆ ಎಂದು ನಿನಗೆ ಗೊತ್ತಿಲ್ಲ. ಹೇಗೆ ಬಂತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ನಿನ್ನೆ ಭಾನುವಾರ. ಸಮುದ್ರದ ಗವಿ ತೋರಿಸುತ್ತೇನೆಂದು ಅವನು ದಕ್ಷಿಣ ತೀರಕ್ಕೆ ಕರೆದುಕೊಂಡು ಹೋದ. ಕಬ್ಬಿನ ಗದ್ದೆಗಳ ನಡುವಿನ ಮಣ್ಣುದಾರಿ ಮುಗಿದ ಕಡೆ ಕಾರು ನಿಲ್ಲಿಸಿ ಇಳಿಯಬೇಕು. ಅಲ್ಲಿಂದ ಬರೀ ಕರಿಬಂಡೆ. ನಮ್ಮ ಕಡೆಯ ಬಂಡೆಯಂತಲ್ಲ. ನಮ್ಮದು ತಣ್ಣಗೆ, ನುಣ್ಣಗೆ ಆನೆಯ ಹಾಗೆ ಮಲಗಿರುತ್ತದೆ. ಇದು ಬೆಂದದ್ದು. ಫೌಂಡ್ರಿಯಲ್ಲಿ ಕುಲುಮೆಯ ಬಾಯಿಂದ ಎಳೆದು ಹಾಕಿದ ಕಿಟ್ಟ ಆರಿದ ಮೇಲೆ ಹೇಗೆ ಕಾಣುತ್ತದೋ ಹಾಗೆ, ತೂತು ತೂತು, ಮುಟ್ಟಿದರೆ ಕೈ ತರಚುತ್ತದೆ. ಇಡೀ ದ್ವೀಪವೇ ಒಂದು ಕಾಲದಲ್ಲಿ ಬೆಂಕಿಯಾಗಿ ಸಮುದ್ರದೊಳಗಿನಿಂದ ಎದ್ದದ್ದಂತೆ. ಮೂವತ್ತು ವರ್ಷ ಎರಕದ ಕೆಲಸ ನೋಡಿದವನಿಗೆ ಅದನ್ನು ನಂಬುವುದು ಕಷ್ಟವಾಗಲಿಲ್ಲ.

ಗವಿಯ ಬಾಯಿ ದೇವಸ್ಥಾನದ ಬಾಗಿಲಿಗಿಂತ ದೊಡ್ಡದಿಲ್ಲ. ಒಳಗೆ ಹೋದರೆ ಚಾವಣಿ ಎತ್ತರವಾಗುತ್ತದೆ, ಒಂದು ಕಡೆ ಕುಸಿದು ಆಕಾಶ ಕಾಣುತ್ತದೆ. ಆ ಬೆಳಕು ಬೀಳುವ ಜಾಗದಲ್ಲಿ ಒಂದು ಕೊಳ. ಸಮುದ್ರ ಹಿಂದೆ ಸರಿದಾಗ ಬಂಡೆಯ ಗುಳಿಯಲ್ಲಿ ಉಳಿದ ನೀರು. ಎಷ್ಟು ನಿಶ್ಚಲವಾಗಿತ್ತೆಂದರೆ ನಾನು ಮೊದಲು ಅದನ್ನು ನೀರೆಂದೇ ತಿಳಿಯಲಿಲ್ಲ. ತಳದಲ್ಲಿ ಮುಳ್ಳುಮುಳ್ಳಿನ ಕಪ್ಪು ಉಂಡೆಗಳು, ಉಗುರಿನಷ್ಟು ನೀಲಿ ಮೀನು, ಒಂದು ಏಡಿ. ಎಲ್ಲವೂ ಕೈಗೆಟುಕುವಂತಿತ್ತು.

ಇದು ದೊಣೆ, ಅನ್ನಿಸಿತು. ಉಪ್ಪುನೀರಿನ ದೊಣೆ. ಹದಿನೈದು ವರ್ಷದಲ್ಲಿ ನಾನು ಯಾವ ಬೆಟ್ಟವನ್ನೂ ಹತ್ತಿಲ್ಲ, ಗೊತ್ತಾ? ಕೃಷ್ಣಗಿರಿಗೆ ಹೋಗುವಾಗ, ಆ ಬೆಟ್ಟ ಕಾಣುತ್ತದೆಂದು, ಬಸ್ಸಿನಲ್ಲಿ ಎಡಗಡೆಯ ಸೀಟಿನಲ್ಲಿ ಕೂರುವುದಿಲ್ಲ. ಆದರೂ ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರು ದೂರ ಬಂದು, ಎಚ್ಚರವಿಲ್ಲದೆ, ಒಂದರ ಅಂಚಿಗೇ ನಡೆದುಬಂದಿದ್ದೆ. ಬಂದಮೇಲೆ ಚಪ್ಪಲಿ ಕಳಚಿಟ್ಟು, ದೊಣೆಯ ಪಕ್ಕ ನಾವು ಕೂರುವ ಹಾಗೆಯೇ, ಸಮುದ್ರಕ್ಕೆ ಬೆನ್ನು ಹಾಕಿ ಕೂತೆ. ನಮ್ಮ ಕಡೆ ನೀರು ತಾನಿದ್ದ ಜಾಗದಲ್ಲಿ ಇರುತ್ತದೆ. ಮಳೆ ಬಂದರೆ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ, ಅಷ್ಟು ಬಿಟ್ಟರೆ ಬೆನ್ನಹಿಂದಿನಿಂದ ನಡೆದು ಬರುವುದಿಲ್ಲ.

ಚಿನಾಪೆನ್ ಹೊರಗಿನ ಬಂಡೆಯ ಮೇಲೆ ನಿಂತು ಬೀಡಿಯಂಥದ್ದೇನೋ ಸೇದುತ್ತಿದ್ದ. ನಾನು ಕಾಲನ್ನು ನೀರಿಗೆ ಇಳಿಬಿಟ್ಟದ್ದನ್ನು ನೋಡಿ ಕೂಗಿದ: ‘ಮಿಸ್ಯೆ! ಫೋಂ! ಫೋಂ!’ ನಾನು ಜೇಬು ಮುಟ್ಟಿಕೊಂಡೆ. ಮೊಬೈಲ್ ಇತ್ತು. ಎತ್ತಿ ತೋರಿಸಿದೆ, ಇದೆ, ನೆನೆದಿಲ್ಲ ಎಂದು. ಅವನು ಇನ್ನೂ ಜೋರಾಗಿ ಫೋಂ ಫೋಂ ಎಂದು ಕೂಗುತ್ತ ಓಡಿಬರತೊಡಗಿದ. ಯಾರದೋ ಕರೆ ಬಂದಿರಬೇಕು, ಗಿರಣಿಯಲ್ಲಿ ಏನೋ ಆಗಿರಬೇಕು ಎಂದುಕೊಂಡು ನಾನು ಮೊಬೈಲಿನ ಪರದೆ ನೋಡುತ್ತ ಕೂತೆ. ಆಗ ಹಿಂದಿನಿಂದ ನೀರು ಬಂತು. ದೊಡ್ಡ ಅಲೆಯೇನಲ್ಲ. ಹೆಗಲ ಮೇಲೆ ಯಾರೋ ಕೈಯಿಟ್ಟು ಮೆಲ್ಲಗೆ ನೂಕಿದ ಹಾಗೆ. ಚಿನಾಪೆನ್ ಕಾಲರ್ ಹಿಡಿದು ಎಳೆಯದಿದ್ದರೆ ಒಳಗೆ ಹೋಗುತ್ತಿದ್ದೆ. ಮೊಬೈಲ್ ಹೋಯಿತು. ಕೈಗೆಟುಕುತ್ತದೆ ಎಂದುಕೊಂಡಿದ್ದ ತಳಕ್ಕೆ ಅದು ಇಳಿಯುತ್ತಾ ಇಳಿಯುತ್ತಾ, ಪರದೆಯ ಬೆಳಕು ಚಿಕ್ಕದಾಗುತ್ತಾ, ಬಹಳ ಹೊತ್ತು ಹೋಯಿತು.

ಅವನು ಬೈದ. ಅವನ ಭಾಷೆಯಲ್ಲಿ ಬೈದ, ಆದ್ದರಿಂದ ನೋವಾಗಲಿಲ್ಲ. ಆಮೇಲೆ ತನ್ನ ತಲೆಯ ಮೇಲೆ ಕೈ ಎತ್ತಿ ಹಿಡಿದು, ಇನ್ನೂ ಮೇಲಕ್ಕೆ ಎತ್ತಿ, ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದ: ‘ಫೋಂ.’

ಫೋಂ ಎಂದರೆ ಆಳ.

ನಾನು ನಕ್ಕೆನಂತೆ. ಅವನು ಹೆದರಿ, ಹೆಂಡತಿ ಕಟ್ಟಿಕೊಟ್ಟಿದ್ದ ಪರೋಟವನ್ನೂ ಉಪ್ಪಿನಕಾಯಿಯನ್ನೂ ಬಿಚ್ಚಿ ನನ್ನ ಕೈಗಿಟ್ಟ. ನಾನು ತಿಂದೆ. ನೀರು ಗವಿಯನ್ನು ತುಂಬುವುದನ್ನು ಹೊರಗಿನಿಂದ ನೋಡಿದೆವು. ಅರ್ಧ ಗಂಟೆಯಲ್ಲಿ ಕೊಳವೂ ಇರಲಿಲ್ಲ, ನಾನು ಕೂತ ಅಂಚೂ ಇರಲಿಲ್ಲ. ಆರು ಗಂಟೆ ಬಿಟ್ಟು ಬಂದರೆ ಮತ್ತೆ ಎಲ್ಲ ಇರುತ್ತದೆ, ಚಪ್ಪಲಿ ಒಂದನ್ನು ಬಿಟ್ಟು ಎಂದು ಕೈಸನ್ನೆಯಲ್ಲಿ ತಿಳಿಸಿದ ಚಿನಾಪೆನ್.

ಕೋಮಲಾ, ಬೋರ್ಡ್ ಇತ್ತು.

ತಗಡಿನ ಮೇಲೆ ಡಾಂಬರಿನಲ್ಲಿ ಬರೆದದ್ದು. ದೊಣೆಗೆ ಇಳಿಯುವ ಮೆಟ್ಟಿಲ ಪಕ್ಕ, ಬಂಡೆಯ ಬಿರುಕಿನಲ್ಲಿ ಬೆಳೆದ ಒಂದು ಮರಕ್ಕೆ ಮೊಳೆ ಹೊಡೆದಿದ್ದರು. ತಿಂಗಳು ಕಳೆದ ಮೇಲೆ ನೀನು ಗೋಪಾಲಪ್ಪನ ಜೊತೆ ಹತ್ತಿ ನೋಡಿಬಂದೆಯಲ್ಲ, ಅದೇ. ಹೀಗಾದ ಮೇಲೆ ಹಾಕಿರಬೇಕು ಎಂದು ನಾನು ಹೇಳಿದೆ. ನೀನು ತಗಡಿನ ತುಕ್ಕನ್ನು ನೋಡಿರದೆ ಇರಲಾರೆ. ಆದರೂ ಸುಮ್ಮನಿದ್ದೆ. ಎರಡು ವರ್ಷ ನನ್ನ ಜೊತೆ ಸುಮ್ಮನಿದ್ದು, ಡೆಂಕಣಿಕೋಟೆಯ ಕಚೇರಿಗೆ ವರ್ಗ ಮಾಡಿಸಿಕೊಂಡು ಹೋದೆ. ಪ್ರತಿ ಶನಿವಾರ ಬರುತ್ತೇನೆ ಅಂದವಳು ಮೂರು ಶನಿವಾರ ಬಂದೆ.

ಇರಲಿಲ್ಲ ಎಂದು ನಾನು ಹೇಳಿದ್ದು ನಿನಗಾಗಿ ಎಂದು ಬಹಳ ಕಾಲ ನಂಬಿದ್ದೆ. ಅವತ್ತು ನೀನು ಕೆಳಗೆ ಮಂಟಪದಲ್ಲಿ ನಿಮ್ಮಮ್ಮನ ಜೊತೆ ಕೂತು ಬುತ್ತಿ ಬಿಚ್ಚುತ್ತಿದ್ದೆ. ಅತ್ತೆ ಚಿಕ್ಕತಾಯಮ್ಮನಿಗೆ ಮಂಡಿನೋವು, ಒಬ್ಬರನ್ನೇ ಬಿಡಬಾರದೆಂದು ನೀನು ನಿಂತೆ. ಬೋರ್ಡ್ ಇತ್ತು ಎಂದರೆ, ಓದಲು ಬರುವವಳು ಕೆಳಗೆ ಉಳಿದೆ ಎಂಬ ಯೋಚನೆ ನಿನ್ನನ್ನು ತಿನ್ನುತ್ತದೆ ಎಂದುಕೊಂಡೆ. ಇದು ಒಂದು ಮಟ್ಟಿಗೆ ನಿಜ. ಇನ್ನೊಂದು ಮಟ್ಟಿಗೆ, ಓದಲು ಬಾರದವನು ಮೇಲೆ ಹೋದ ಎಂಬುದನ್ನು ನೀನು ಹೇಳುವುದು ನನಗೆ ಬೇಕಿರಲಿಲ್ಲ. ನೀನು ಹೇಳುತ್ತಿರಲಿಲ್ಲವೇನೋ. ಆದರೆ ಮೊದಲೇ ಹೇಳಿಬಿಟ್ಟಿದ್ದೆ, ಅವಳನ್ನು ಯಾವ ಶಾಲೆಗೆ ಸೇರಿಸುವುದೆಂದು ಜಗಳವಾದ ದಿನ. ನಾನು ಕನ್ನಡ ಶಾಲೆಯೇ ಆಗಬೇಕು ಎಂದೆ. ನೀನು, ‘ನಿಮ್ಮಂಗೆ ಬಸ್ ನಂಬರ್ ಕೇಳ್ಕೊಂಡು ತಿರುಗ್ಲಾ ನನ್ ಮಗ್ಳು? ಇದೇ ಊರ್ನಾಗೆ ಬಾಳ್ಬೇಕಾದೋಳು ಈ ಊರಿನ ಬೋರ್ಡಾದ್ರೂ ಓದ್ಬೇಕು’ ಅಂದೆ. ಸರಿಯಾಗಿ ಬೋರ್ಡ್ ಎಂಬ ಮಾತನ್ನೇ ಆಡಿದ್ದೆ. ತಮಿಳು ಶಾಲೆಗೆ ಸೇರಿಸಿದೆವು.

ಸೋತದ್ದಕ್ಕೆ ಪ್ರತಿಯಾಗಿ ನಾನು ಮನೆಯಲ್ಲಿ ಅವಳ ಕನ್ನಡ ತಿದ್ದಲು ಕೂತೆ. ಅವಳ ನಾಲಿಗೆಗೆ ಳ ತಿರುಗುತ್ತಿರಲಿಲ್ಲ. ಬಾಲೆಹಣ್ಣು, ಬೆಲ್ಲುಲ್ಲಿ, ಮಲೆ. ದಿನಾ ಸಂಜೆ ಶಿಫ್ಟು ಮುಗಿಸಿ ಬಂದು ಕಾಲು ತೊಳೆಯುವ ಮೊದಲೇ ಹೇಳಿಸುತ್ತಿದ್ದೆ: ಕಾಳು, ಬಾಳೆ, ಬೆಳ್ಳುಳ್ಳಿ. ನಿಮ್ಮಮ್ಮ ಒಲೆಯ ಮುಂದಿನಿಂದ, ‘ಹಲ್ಲು ಉದ್ರೋಕ್ಮುಂಚೆ ಮಗೀನ್ ನಾಲ್ಗೇನೇ ಉದ್ರಿಸ್ಬುಡ್ತೀರೇನಪ್ಪ ಅಳಿಮಯ್ಯ’ ಅನ್ನುತ್ತಿದ್ದರು. ಅವಳು ಅಜ್ಜಿಯ ಕಡೆ ತಿರುಗಿ, ‘ಅಲಿಮಯ್ಯ’ ಎಂದು ಹೇಳಿ ನಗುತ್ತಿದ್ದಳು. ಬೆಟ್ಟಕ್ಕೆ ಹೊರಟ ಆ ಬೆಳಿಗ್ಗೆಯೂ ಬಾಲೆಹಣ್ಣು ಬೇಕು ಎಂದೇ ಅತ್ತಿದ್ದು ನಿನಗೂ ನೆನಪಿರಬೇಕು.

ಬೆಟ್ಟದ ಮೇಲೆ ಜನ ಇದ್ದರು, ಆದರೆ ದೊಣೆಯ ಕಡೆ ಯಾರೂ ಇರಲಿಲ್ಲ. ಯಾಕೆ ಇಲ್ಲ ಎಂದು ನಾನು ಯೋಚಿಸಲಿಲ್ಲ. ನಮ್ಮ ಮಾಗಡಿ ಕಡೆಯ ದೊಣೆಗಳು ಮೊಣಕಾಲುದ್ದ, ದನ ಇಳಿದು ಕುಡಿಯುತ್ತವೆ. ಅವಳು ತಗಡಿನ ಮುಂದೆ ನಿಂತುಬಿಟ್ಟಳು. ಜೂನ್‌ನಲ್ಲಿ ಶಾಲೆಗೆ ಸೇರಿದವಳು, ಏಳು ತಿಂಗಳು. ಮೇಲೆ ದೊಡ್ಡದಾಗಿ ಒಂದೇ ಪದ, ಕೆಳಗೆ ಸಣ್ಣ ಅಕ್ಷರದಲ್ಲಿ ಉದ್ದನೆಯ ಸಾಲು. ಉದ್ದದ್ದು ಅವಳಿಗೆ ಓದಲು ಬರಲಿಲ್ಲ. ದೊಡ್ಡ ಪದದ ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಕೂಡಿಸಿ, ಓದಿದಳು.

ಇದನ್ನು ನಿನಗೆ ಯಾರೂ ಹೇಳಲಿಲ್ಲ, ಹೇಳಬಹುದಾಗಿದ್ದವನು ನಾನೊಬ್ಬನೇ: ನಿನ್ನ ಮಗಳಿಗೆ ಓದಲು ಬಂದಿತ್ತು. ಮೂರು ಅಕ್ಷರ. ನೀನು ಬಯಸಿದ ಹಾಗೆ ಈ ಊರಿನ ಒಂದು ಬೋರ್ಡನ್ನು ಅವಳು ಓದಿದಳು.

‘ಆಲಂ’ ಎಂದಳು.

ಅವಳ ನಾಲಿಗೆಗೆ ಅದು ಹಾಗೆ ಬಂತು. ನನಗೆ ಕೇಳಿಸಿದ್ದು ಆಲ. ಆ ತಗಡು ಹೊಡೆದಿದ್ದ ಮರ ಆಲದ ಮರವೇ ಆಗಿತ್ತು, ಬಂಡೆಯಲ್ಲಿ ಬೆಳೆದದ್ದರಿಂದ ಕುಳ್ಳಾಗಿ, ಬಿಳಲು ಕೂಡ ಬಿಟ್ಟಿತ್ತು. ಲಾಲ್‌ಬಾಗಿನಲ್ಲಿ ಮರಗಳಿಗೆ ಹೆಸರಿನ ತಗಡು ಹೊಡೆದಿರುತ್ತಾರಲ್ಲ, ಹಾಗೆ ಯಾರೋ ಹೊಡೆದಿದ್ದಾರೆ ಎಂದುಕೊಂಡೆ. ಖುಷಿಯಾಯಿತು ನನಗೆ. ನಿನ್ನ ಭಾಷೆಯೂ ನನ್ನ ಭಾಷೆಯೂ ಒಂದು ಮರದ ಹತ್ತಿರ ಕೂಡಿದವು ಅನ್ನಿಸಿತು. ಇಂಥ ಯೋಚನೆಗಳು ನನಗೆ ಆಗ ಬರುತ್ತಿದ್ದವು. ಕಾಲು ತೊಳೆಯುತ್ತೇನೆ ಎಂದಳು. ಒಂದೇ ಮೆಟ್ಟಿಲು ಇಳಿ ಎಂದೆ. ನಾನು ಆ ಕಡೆ ತಿರುಗಿ, ನಿನಗೆ ತೋರಿಸೋಣವೆಂದು ಆಲದ ಎಲೆ ಕೀಳುತ್ತಿದ್ದೆ. ಹಾಲು ಕೈಗೆ ಅಂಟಿತು. ಬೆನ್ನಹಿಂದೆ ಅವಳು ‘ಆಲ, ಆಲ, ಆಲ’ ಎಂದು ಹಾಡಿನಂತೆ ಹೇಳಿಕೊಳ್ಳುತ್ತಿದ್ದಳು. ಹಾಡು ನಿಂತಿತು. ಸುಸ್ತಾಗಿ ನಿಲ್ಲಿಸಿದ್ದಾಳೆ ಎಂದುಕೊಂಡು ಇನ್ನೂ ಒಂದು ಎಲೆ ಕಿತ್ತೆ.

ಆ ಒಂದು ಎಲೆಯ ಹೊತ್ತು ಎಷ್ಟು ಎಂದು ನಾನು ಆಮೇಲೆ ಬೇರೆ ಬೇರೆ ರೀತಿಯಲ್ಲಿ ಅಳೆದು ನೋಡಿದ್ದೇನೆ. ಅದನ್ನು ಬರೆಯುವುದಿಲ್ಲ.

ತಗಡಿನ ಮೇಲೆ ಏನಿತ್ತೆಂದು ನನಗೆ ತಿಳಿದದ್ದು ಹನ್ನೊಂದು ತಿಂಗಳ ಮೇಲೆ. ಅವಳ ಒಂದನೆಯ ತರಗತಿಯ ತಮಿಳು ಪುಸ್ತಕ, ನೀನು ಮನೆಯೆಲ್ಲ ಹುಡುಕಿದೆಯಲ್ಲ, ಶಾಲೆಯವರು ವಾಪಸು ತೆಗೆದುಕೊಂಡರು ಎಂದು ನಾನು ಹೇಳಿದೆನಲ್ಲ, ಅದು ಫ್ಯಾಕ್ಟರಿಯ ನನ್ನ ಲಾಕರಿನಲ್ಲಿತ್ತು. ಊಟದ ಬಿಡುವಿನಲ್ಲಿ ಕಲಿತೆ. ಜೊತೆಯವರು ನಕ್ಕರು, ನಲವತ್ತು ದಾಟುವ ಮುಂಚೆ ಪ್ರಮೋಷನ್ನಿಗೆ ಪರೀಕ್ಷೆ ಕಟ್ಟುತ್ತಾನೆ ಅಂದುಕೊಂಡರು. ಅವಳು ಪೆನ್ಸಿಲಿನಲ್ಲಿ ತಿದ್ದಿದ ಅಕ್ಷರಗಳ ಮೇಲೆಯೇ ನಾನೂ ತಿದ್ದಿದೆ, ಅಳಿಸದ ಹಾಗೆ, ಮೆಲ್ಲಗೆ. ತಮಿಳಿನಲ್ಲಿ ಲ ಮತ್ತು ಳ ಅಲ್ಲದೆ ಮೂರನೆಯದೊಂದು ಅಕ್ಷರವಿದೆ. ನಮ್ಮ ಕಡೆಯವರು ಅದನ್ನೂ ಳ ಎಂದೇ ಅನ್ನುತ್ತಾರೆ. ಆ ಪುಟ ತಲುಪಿದ ದಿನ ನನಗೆ ತಗಡು ಕಣ್ಣಿಗೆ ಕಟ್ಟಿತು. ಮೂರು ಅಕ್ಷರವೂ ನೆನಪಿತ್ತು, ಚಿತ್ರದ ಹಾಗೆ. ಈಗ ಓದಲು ಬಂತು. ಆಳ. ಕನ್ನಡದಲ್ಲೂ ಅದೇ ಪದ. ಓದಲು ಬಾರದಿದ್ದರೂ ಕೇಳಿದ್ದರೆ ಸಾಕಿತ್ತು.

ಆವತ್ತೇ ನಿನಗೆ ಹೇಳಬೇಕಿತ್ತು. ಮನೆಗೆ ಬಂದೆ, ನೀನು ಅವರೆಕಾಳು ಸುಲಿಯುತ್ತ ಕೂತಿದ್ದೆ. ನಾನೂ ಕೂತು ಸುಲಿದೆ. ಹಾಗೆ ಹೋಯಿತು.

ನಿನ್ನೆ ಚಿನಾಪೆನ್ ತಲೆಯ ಮೇಲೆ ಕೈ ಎತ್ತಿ ಹಿಡಿದಾಗ ನನಗೆ ಗೊತ್ತಾದದ್ದು ಇಷ್ಟೆ. ಎರಡು ಸಲ ನನಗೆ ಆಳವಿದೆ ಎಂದು ಕೂಗಿ ಹೇಳಿದ್ದಾರೆ, ಎರಡು ಸಲವೂ ನಾನು ನನಗೆ ಗೊತ್ತಿದ್ದ ಇನ್ನೊಂದು ಪದವನ್ನು ಕೇಳಿಸಿಕೊಂಡೆ. ಒಂದು ಸಲ ನನ್ನನ್ನು ಎಳೆದುಹಾಕಲು ಮನುಷ್ಯನೊಬ್ಬ ಓಡಿಬಂದ. ಇನ್ನೊಂದು ಸಲ ಓಡಿಬರಬೇಕಾದವನು ನಾನು.

ಬರುವ ತಿಂಗಳ ಹತ್ತಕ್ಕೆ ಮತ್ತಿಗಿರಿಗೆ ಬರುತ್ತೇನೆ. ಪುಸ್ತಕವನ್ನು ಗೋಪಾಲಪ್ಪನ ಕೈಗೆ ಕೊಡುತ್ತೇನೆ. ಮನೆಯ ಹತ್ತಿರ ಬರುವುದಿಲ್ಲ. ಅದರಲ್ಲಿ ಎರಡು ಕೈಬರಹ ಇರುತ್ತದೆ, ದಪ್ಪಗಿರುವುದು ಅವಳದು. ನೀನು ಉತ್ತರ ಬರೆಯಬೇಕಾಗಿಲ್ಲ. ಬರೆದರೆ ಯಾವ ಭಾಷೆಯಲ್ಲಿ ಬರೆದರೂ ಓದಿಕೊಳ್ಳುತ್ತೇನೆ.

ಆಚೆ ದಡದ,
ಹನುಮಯ್ಯ

ಮರೆತಿದ್ದೆ — ಮರೆತದ್ದೇನಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಅಕ್ಷರ ಸುಳ್ಳು. ಅವಳು ‘ಆಲಂ’ ಅನ್ನಲಿಲ್ಲ. ಆ ದಿನ, ಆ ತಗಡಿನ ಮುಂದೆ, ಅವಳ ನಾಲಿಗೆ ತಿರುಗಿತು. ‘ಆಳಂ’ ಎಂದಳು, ಮೊದಲ ಸಲ, ಸ್ಪಷ್ಟವಾಗಿ. ಎಂದು, ಭೇಷ್ ಅನ್ನಲಿ ಎಂದು ನನ್ನ ಮುಖ ನೋಡಿದಳು. ನಾನು ಆ ಮರ ತೋರಿಸಿ, ‘ಇಲ್ಲಿ ಳ ಬರಲ್ಲ ಪುಟ್ಟಿ, ಇಲ್ಲಿ ಲ. ಆಲ. ಎಲ್ಲಿ, ಅನ್ನು’ ಅಂದೆ. ತಪ್ಪಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಆಮೇಲೆ ನೀರಿಗೆ ಇಳಿಯುತ್ತ, ಮತ್ತೆ ತಪ್ಪಬಾರದೆಂದು, ನಾನು ಹೇಳಿಕೊಟ್ಟ ಹಾಗೇ ಅನ್ನುತ್ತಿದ್ದಳು.